ಸುತ್ತೋಲೆಯಲ್ಲಿ ಹುಟ್ಟುವ ಸಾಫ್ಟ್‌ವೇರ್: ಪಾವತಿ ಆ್ಯಪ್‌ಗಳು, ರಿಸರ್ವ್ ಬ್ಯಾಂಕ್ ನಿಯಮಗಳು ಮತ್ತು ನಷ್ಟದ ಹೊಣೆ

ಕಾರ್ಡ್ ಬಳಸಿ ಆನ್‌ಲೈನ್‌ನಲ್ಲಿ ಬಸ್ ಟಿಕೆಟ್ ಕಾಯ್ದಿರಿಸುವವರು ಕಾರ್ಡಿನ ಸಂಖ್ಯೆ, ಅವಧಿ, ಹಿಂಬದಿಯ ಮೂರು ಅಂಕಿ ಎಲ್ಲವನ್ನೂ ತುಂಬಿದ ಮೇಲೂ ಒಂದು ಎಸ್‌ಎಂಎಸ್‌ಗಾಗಿ ಕಾಯಬೇಕಾಗುತ್ತದೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಅಲ್ಲಿನ ಕಾರ್ಡ್ ಬಳಸುವಾಗ ಈ ಹಂತ ಎದುರಾಗುವುದು ಅಪರೂಪ. ಎರಡೂ ಕಡೆ ಕಾರ್ಡ್ ಜಾಲ ಒಂದೇ, ಎಷ್ಟೋ ಸಲ ಸಾಫ್ಟ್‌ವೇರ್ ಬರೆದ ಎಂಜಿನಿಯರುಗಳೂ ಬೆಂಗಳೂರಿನವರೇ ಆಗಿರುತ್ತಾರೆ. ವ್ಯತ್ಯಾಸ ಬಂದಿರುವುದು ಒಂದು ಸುತ್ತೋಲೆಯಿಂದ. ಎದುರಿಗೆ ಕಾರ್ಡ್ ಇಲ್ಲದೆ ನಡೆಯುವ ಆನ್‌ಲೈನ್ ವಹಿವಾಟಿಗೆ, ಕಾರ್ಡಿನ ಮೇಲೆ ಮುದ್ರಿತವಾಗಿರದ ಇನ್ನೊಂದು ಮಾಹಿತಿಯ ಮೂಲಕವೂ ಗ್ರಾಹಕರನ್ನು ದೃಢೀಕರಿಸಬೇಕು ಎಂದು ಭಾರತೀಯ ರಿಸರ್ವ್ ಬ್ಯಾಂಕ್ 2009ರ ಫೆಬ್ರುವರಿಯಲ್ಲಿ ಆದೇಶಿಸಿತು. ಅದೇ ವರ್ಷದ ಆಗಸ್ಟ್ 1ರಿಂದ ಅದು ಜಾರಿಗೆ ಬಂತು. ಒಟಿಪಿ ಎಂಬುದು ದೇಶದ ಮನೆಮಾತಾದದ್ದು ಆ ದಾರಿಯಲ್ಲಿ.

ಡಿಜಿಟಲ್ ತಂತ್ರಜ್ಞಾನದ ಬಗ್ಗೆ ಮಾತನಾಡುವಾಗ ನಾವು ಸಾಮಾನ್ಯವಾಗಿ ಆವಿಷ್ಕಾರ, ಬಂಡವಾಳ, ಪೈಪೋಟಿಗಳನ್ನು ಮುಂದಿಟ್ಟು, ಸರ್ಕಾರದ ನಿಯಮಗಳನ್ನು ಒಂದೋ ಅಡ್ಡಿ ಎಂದು, ಇಲ್ಲವೇ ಕಾವಲು ಎಂದು ಬದಿಗೆ ಸರಿಸಿಬಿಡುತ್ತೇವೆ. ಭಾರತದ ಪಾವತಿ ಸಾಫ್ಟ್‌ವೇರಿನ ಕಳೆದ ಹದಿನೈದು ವರ್ಷಗಳ ಚರಿತ್ರೆಯನ್ನು ಗಮನಿಸಿದರೆ ಬೇರೆಯದೇ ಚಿತ್ರ ಕಾಣುತ್ತದೆ. ಯಾವ ಪರದೆಯಲ್ಲಿ ಯಾವ ಪ್ರಶ್ನೆ ಬರಬೇಕು, ಯಾವ ಮಾಹಿತಿ ಯಾವ ಸರ್ವರಿನಲ್ಲಿ ಉಳಿಯಬೇಕು, ಕಂಪನಿ ಯಾವುದಕ್ಕೆ ಹಣ ಕೇಳಬಹುದು ಎಂಬುದೆಲ್ಲ ನಿಯಮದಲ್ಲಿಯೇ ತೀರ್ಮಾನವಾಗಿರುತ್ತದೆ. ಇದರ ಜೊತೆಗೆ ಪ್ರತಿಯೊಂದು ನಿಯಮವೂ ಇನ್ನೊಂದು ತೀರ್ಮಾನವನ್ನು ಮಾಡುತ್ತದೆ: ಏನಾದರೂ ಎಡವಟ್ಟಾದಾಗ ಹಣ ಯಾರ ಕೈಬಿಟ್ಟು ಹೋಗಬೇಕು ಎಂಬುದು. ನಮ್ಮಲ್ಲಿ ಚರ್ಚೆಗೆ ಬಾರದೆ ಉಳಿದಿರುವುದು ಈ ಎರಡನೆಯದು.

ಮೊದಲು, ನಿಯಮವೊಂದು ಜಾಗತಿಕ ಕಂಪನಿಯ ಸಾಫ್ಟ್‌ವೇರನ್ನೇ ಬದಲಿಸಿದ ಪ್ರಸಂಗವನ್ನು ನೋಡಬಹುದು. ಭಾರತಕ್ಕೆ ಬಂದ ಹೊಸತರಲ್ಲಿ ಉಬರ್, ಪ್ರಯಾಣ ಮುಗಿದೊಡನೆ ಗ್ರಾಹಕರ ಕಾರ್ಡಿನಿಂದ ತಾನಾಗಿ ಹಣ ಕಡಿತಗೊಳಿಸುತ್ತಿತ್ತು. ಕಾರಿನಿಂದ ಇಳಿದು ನಡೆದುಬಿಡಬಹುದು ಎಂಬುದೇ ಅದರ ಆಕರ್ಷಣೆಯಾಗಿತ್ತು. ವಹಿವಾಟು ವಿದೇಶಿ ಬ್ಯಾಂಕಿನ ಮೂಲಕ ಸಾಗುತ್ತಿದ್ದುದರಿಂದ ಎರಡನೇ ಹಂತದ ದೃಢೀಕರಣದ ನಿಯಮ ಅದಕ್ಕೆ ತಾಗುತ್ತಿರಲಿಲ್ಲ. ಸ್ಥಳೀಯ ಟ್ಯಾಕ್ಸಿ ಸಂಸ್ಥೆಗಳು ಇದನ್ನು ಆಕ್ಷೇಪಿಸಿದವು. 2014ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್, ಭಾರತದಲ್ಲಿ ನೀಡಿದ ಕಾರ್ಡಿನಿಂದ ಭಾರತದಲ್ಲಿಯೇ ಪಡೆಯುವ ಸೇವೆಗೆ ಹಣ ಕೊಡುವಾಗ ವಹಿವಾಟು ಭಾರತದ ಬ್ಯಾಂಕಿನ ಮೂಲಕ, ರೂಪಾಯಿಯಲ್ಲಿಯೇ ನಡೆಯಬೇಕು ಎಂದು ಸ್ಪಷ್ಟಪಡಿಸಿ ಅಕ್ಟೋಬರ್ 31ರ ಗಡುವು ನೀಡಿತು. ಉಬರ್ ಪೇಟಿಎಂ ವ್ಯಾಲೆಟ್‌ಗೆ ಮೊರೆಹೋಯಿತು. ಮರುವರ್ಷದ ಮೇ ತಿಂಗಳಲ್ಲಿ ಹೈದರಾಬಾದಿನಲ್ಲಿ ನಗದು ಸ್ವೀಕರಿಸಲಾರಂಭಿಸಿತು. ಜಗತ್ತಿನಲ್ಲಿ ಬೇರೆಲ್ಲೂ ಆ ಕಂಪನಿ ಅದಕ್ಕೆ ಮೊದಲು ನಗದು ಪಡೆದಿರಲಿಲ್ಲ. ಆಮೇಲೆ ಅನೇಕ ದೇಶಗಳಿಗೆ ಆ ಸೌಲಭ್ಯ ಹಬ್ಬಿತು. ಕಾರ್ಡೇ ಇಲ್ಲದ ಕೋಟ್ಯಂತರ ಜನರಿಗೆ ಟ್ಯಾಕ್ಸಿ ಆ್ಯಪ್ ತೆರೆದುಕೊಂಡದ್ದರಲ್ಲಿ ಮುಂಬೈಯಲ್ಲಿ ಸಿದ್ಧವಾದ ಒಂದು ನಿಯಮಕ್ಕೂ ಪಾಲಿದೆ ಎಂಬುದನ್ನು ಆ ನಿಯಮವನ್ನು ಬರೆದವರೂ ನಿರೀಕ್ಷಿಸಿರಲಾರರು.

ಎಲ್ಲ ನಿಯಮಗಳ ಫಲವೂ ಇಷ್ಟು ಹಿತಕರವಾಗಿರಲಿಲ್ಲ. ಪ್ರತಿ ತಿಂಗಳು ಕಾರ್ಡಿನಿಂದ ತಾನಾಗಿ ಕಡಿತವಾಗುವ ಚಂದಾ ಹಣಕ್ಕೆ ಸಂಬಂಧಿಸಿದ ಇ-ಮ್ಯಾಂಡೇಟ್ ನಿಯಮ 2019ರಲ್ಲಿ ಹೊರಬಂದು, ಎರಡು ಸಲ ಮುಂದೂಡಿಕೆಯಾಗಿ, 2021ರ ಅಕ್ಟೋಬರ್ 1ರಿಂದ ಪೂರ್ಣವಾಗಿ ಜಾರಿಗೆ ಬಂತು. ಹಣ ಕಡಿತಕ್ಕೆ 24 ಗಂಟೆ ಮೊದಲೇ ಬ್ಯಾಂಕ್ ಗ್ರಾಹಕರಿಗೆ ತಿಳಿಸಬೇಕು, ನಿಗದಿತ ಮಿತಿ ಮೀರಿದರೆ ಪ್ರತಿ ಸಲವೂ ಒಟಿಪಿ ಬೇಕು ಎಂಬುದು ಅದರ ತಿರುಳು. ಆಗ ₹5,000 ಇದ್ದ ಆ ಮಿತಿಯನ್ನು 2022ರಲ್ಲಿ ₹15,000ಕ್ಕೆ ಏರಿಸಲಾಯಿತು. ಮರೆತುಹೋದ ಚಂದಾಗಳಿಗೆ ತಿಂಗಳು ತಿಂಗಳು ಹಣ ತೆರುತ್ತಿದ್ದವರಿಗೆ ಇದು ನಿಜವಾದ ರಕ್ಷಣೆಯಾಯಿತು. ಆದರೆ ಬ್ಯಾಂಕುಗಳ ವ್ಯವಸ್ಥೆ ಸಿದ್ಧವಾಗಿರದಿದ್ದ ಆರಂಭದ ತಿಂಗಳುಗಳಲ್ಲಿ ಪತ್ರಿಕೆಗಳ ಡಿಜಿಟಲ್ ಚಂದಾ, ಸಂಸ್ಥೆಗಳಿಗೆ ಕೊಡುವ ಮಾಸಿಕ ದೇಣಿಗೆ, ಸಣ್ಣ ಕಂಪನಿಗಳು ಬಾಡಿಗೆಗೆ ಪಡೆದ ಕ್ಲೌಡ್ ಸರ್ವರಿನ ಬಿಲ್ಲು ಎಲ್ಲವೂ ವಿಫಲವಾಗತೊಡಗಿದವು. ಆ್ಯಪಲ್ ಕಂಪನಿ 2022ರಲ್ಲಿ ಭಾರತದ ತನ್ನ ಆ್ಯಪ್ ಸ್ಟೋರಿನಲ್ಲಿ ಕಾರ್ಡುಗಳನ್ನು ಸ್ವೀಕರಿಸುವುದನ್ನೇ ನಿಲ್ಲಿಸಿತು. ನಿಯಮದ ಉದ್ದೇಶ ಸರಿಯಿತ್ತು, ಅದನ್ನು ಪಾಲಿಸಲು ಬೇಕಾದ ತಾಂತ್ರಿಕ ಕೊಂಡಿ ಗಡುವಿನ ದಿನವೂ ಅರ್ಧಂಬರ್ಧವಾಗಿತ್ತು.

2022ರ ಅಕ್ಟೋಬರ್‌ನಿಂದ ಅಂಗಡಿಗಳ ಜಾಲತಾಣಗಳು ಕಾರ್ಡ್ ಸಂಖ್ಯೆಯನ್ನು ಇಟ್ಟುಕೊಳ್ಳದಂತೆ ತಡೆದು ಅದರ ಜಾಗದಲ್ಲಿ ಟೋಕನ್ ಎಂಬ ಬದಲಿ ಸಂಕೇತವನ್ನು ಬಳಸುವಂತೆ ಮಾಡಿದ ನಿಯಮ ಇದಕ್ಕೆ ಹೋಲಿಸಿದರೆ ಹೆಚ್ಚು ನೋವಿಲ್ಲದೆ ದಾಟಿತು. ಪಾವತಿಯ ದತ್ತಾಂಶ ಭಾರತದಲ್ಲಿಯೇ ಸಂಗ್ರಹವಾಗಬೇಕೆಂಬ 2018ರ ಆದೇಶದ ಕಥೆ ಹಾಗಲ್ಲ. ಅದನ್ನು ಪಾಲಿಸಲಿಲ್ಲವೆಂದು 2021ರ ಜುಲೈನಿಂದ ಸುಮಾರು ಒಂದು ವರ್ಷ ಕಾಲ ಮಾಸ್ಟರ್‌ಕಾರ್ಡ್ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳುವಂತಿರಲಿಲ್ಲ.

ಈಗ ಯುಪಿಐಗೆ ಬರೋಣ, ಏಕೆಂದರೆ ನಿಯಮವೂ ಸಾಫ್ಟ್‌ವೇರೂ ಇಷ್ಟರಮಟ್ಟಿಗೆ ಬೆರೆತಿರುವ ಇನ್ನೊಂದು ವ್ಯವಸ್ಥೆ ನಮ್ಮ ನಿತ್ಯದ ಬದುಕಿನಲ್ಲಿ ಇಲ್ಲ. 2016ರ ಏಪ್ರಿಲ್ 11ರಂದು ಆಗಿನ ಗವರ್ನರ್ ರಘುರಾಂ ರಾಜನ್ ಇದಕ್ಕೆ ಚಾಲನೆ ನೀಡಿದರು. ನಡೆಸುವುದು ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ, ಅಂದರೆ ಎನ್‌ಪಿಸಿಐ. ಬ್ಯಾಂಕುಗಳು ಸೇರಿ ಕಟ್ಟಿದ ಲಾಭರಹಿತ ಕಂಪನಿ ಇದು. 2025ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ ಒಂದೇ ತಿಂಗಳಲ್ಲಿ 2,000 ಕೋಟಿಗೂ ಹೆಚ್ಚು ವಹಿವಾಟುಗಳು ಯುಪಿಐ ಮೂಲಕ ನಡೆದವು.

ಫೋನ್‌ಪೇ, ಗೂಗಲ್ ಪೇ, ಭೀಮ್ ಇವುಗಳಲ್ಲಿ ಯಾವುದನ್ನು ತೆರೆದರೂ ಬಣ್ಣ, ಗುಂಡಿ, ಜಾಹೀರಾತು ಬೇರೆ ಬೇರೆ. ಆದರೆ ಪಿನ್ ಒತ್ತುವ ಹಂತಕ್ಕೆ ಬಂದೊಡನೆ ಎಲ್ಲ ಆ್ಯಪ್‌ಗಳೂ ಒಂದೇ ಬಗೆಯ ಪುಟ ತೋರಿಸುತ್ತವೆ: ಮೇಲೆ ಬ್ಯಾಂಕಿನ ಹೆಸರು, ಅದರ ಕೆಳಗೆ ಯಾರಿಗೆ ಎಷ್ಟು ಎಂಬ ವಿವರ, ನಾಲ್ಕೋ ಆರೋ ಖಾಲಿ ಗೆರೆಗಳು, ಅಂಕಿಗಳ ಕೀಲಿಮಣೆ. ಆ ಪುಟ ಆ್ಯಪ್ ಕಂಪನಿಯದಲ್ಲ. ಎನ್‌ಪಿಸಿಐ ಕೊಡುವ ಸಾಮಾನ್ಯ ಲೈಬ್ರರಿಯನ್ನು, ಅಂದರೆ ಸಿದ್ಧ ಕೋಡಿನ ಭಾಗವನ್ನು, ಪ್ರತಿ ಆ್ಯಪ್ ತನ್ನೊಳಗೆ ಅಳವಡಿಸಿಕೊಳ್ಳಲೇಬೇಕು. ಒತ್ತಿದ ಪಿನ್ ಅಲ್ಲಿಯೇ ಗೂಢಲಿಪಿಯಾಗಿ ಬ್ಯಾಂಕಿನತ್ತ ಹೋಗುತ್ತದೆಯೇ ಹೊರತು ಆ್ಯಪ್ ಕಂಪನಿಗೆ ಕಾಣಿಸುವುದಿಲ್ಲ. ಹಾಗೆಯೇ ಮೊದಲ ಸಲ ನೋಂದಾಯಿಸುವಾಗ ನಮ್ಮದೇ ಸಿಮ್‌ನಿಂದ ಒಂದು ಎಸ್‌ಎಂಎಸ್ ಹೊರಹೋಗುವುದು ಫೋನು, ಸಿಮ್ ಮತ್ತು ಖಾತೆಗಳನ್ನು ಒಟ್ಟಿಗೆ ಕಟ್ಟುವುದಕ್ಕಾಗಿ. ಕಂಪನಿಗಳ ಆಯ್ಕೆಗೆ ಬಿಟ್ಟಿದ್ದರೆ ಈ ಎರಡೂ ಇಷ್ಟು ಏಕರೂಪವಾಗಿ ಉಳಿಯುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ. ಒಳ್ಳೆಯ ನಿಯಮ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ಪಿನ್ ಪುಟವನ್ನೇ.

ಆ್ಯಪ್ ಕಂಪನಿಗಳು ತಾವೇ ಬ್ಯಾಂಕ್ ಅಲ್ಲವಾದ್ದರಿಂದ ಯಾವುದಾದರೊಂದು ಬ್ಯಾಂಕಿನ ಆಸರೆಯಲ್ಲಿ ಮಾತ್ರ ಯುಪಿಐ ಜಾಲಕ್ಕೆ ಸೇರಬಹುದು. ಈ ಏರ್ಪಾಟು ಎಷ್ಟು ಮುಖ್ಯ ಎಂಬುದು ಬಳಕೆದಾರರಿಗೆ ತಿಳಿದದ್ದು 2020ರ ಮಾರ್ಚ್ 5ರ ರಾತ್ರಿ. ರಿಸರ್ವ್ ಬ್ಯಾಂಕ್ ಯೆಸ್ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿತು. ಆ ಬ್ಯಾಂಕೊಂದನ್ನೇ ನೆಚ್ಚಿಕೊಂಡಿದ್ದ ಬೆಂಗಳೂರಿನ ಫೋನ್‌ಪೇ ಒಮ್ಮೆಲೇ ಸ್ತಬ್ಧವಾಯಿತು. ಅದರ ಕೋಡಿನಲ್ಲಿ ಒಂದು ಸಾಲೂ ಕೆಟ್ಟಿರಲಿಲ್ಲ. ಸುಮಾರು ಒಂದು ದಿನದಲ್ಲಿ ಐಸಿಐಸಿಐ ಬ್ಯಾಂಕಿನ ಮೂಲಕ ಸೇವೆ ಮರಳಿತು. ನಂತರ ದೊಡ್ಡ ಆ್ಯಪ್‌ಗಳೆಲ್ಲ ಒಂದಕ್ಕಿಂತ ಹೆಚ್ಚು ಬ್ಯಾಂಕುಗಳ ಜೊತೆ ಸೇರಿಕೊಂಡವು.

ಯುಪಿಐ ವ್ಯವಹಾರದ ಅರ್ಥಶಾಸ್ತ್ರವನ್ನು ನಿರ್ಧರಿಸಿದ್ದು ಇನ್ನೊಂದು ನೀತಿ. ಕಾರ್ಡಿನಲ್ಲಿ ಹಣ ಪಡೆಯುವ ಅಂಗಡಿಯವರು ಬ್ಯಾಂಕಿಗೆ ಒಂದು ಪಾಲು ಕೊಡಬೇಕಾಗುತ್ತದೆ. ಎಂಡಿಆರ್ ಎನ್ನಲಾಗುವ ಈ ಶುಲ್ಕ ಕ್ರೆಡಿಟ್ ಕಾರ್ಡಿನಲ್ಲಿ ಸಾಮಾನ್ಯವಾಗಿ ಶೇ 2ರ ಆಸುಪಾಸಿನಲ್ಲಿರುತ್ತದೆ. 2020ರ ಜನವರಿ 1ರಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡುಗಳಿಗೆ ಕೇಂದ್ರ ಸರ್ಕಾರ ಇದನ್ನು ಸೊನ್ನೆಗೆ ಇಳಿಸಿತು. ತಳ್ಳುಗಾಡಿಯ ಸೊಪ್ಪಿನವರ ತನಕ ಕ್ಯುಆರ್ ಕೋಡ್ ತಲುಪಲು ಇದು ಬಹುದೊಡ್ಡ ಕಾರಣ, ಅದರಲ್ಲಿ ಅನುಮಾನವಿಲ್ಲ. ಆದರೆ ವಹಿವಾಟಿನಿಂದ ಒಂದು ಪೈಸೆಯೂ ಹುಟ್ಟದಿದ್ದಾಗ ಕಂಪನಿಗಳು ಬೇರೆ ಕಡೆ ಆದಾಯ ಹುಡುಕಲೇಬೇಕು. ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಕುಳಿತು ‘ಐವತ್ತು ರೂಪಾಯಿ ಸ್ವೀಕರಿಸಲಾಗಿದೆ’ ಎಂದು ಕನ್ನಡದಲ್ಲಿ ನುಡಿಯುವ ಸೌಂಡ್‌ಬಾಕ್ಸನ್ನು ಈ ಹಿನ್ನೆಲೆಯಲ್ಲಿಯೇ ನೋಡಬೇಕು. ನಕಲಿ ಸ್ಕ್ರೀನ್‌ಶಾಟ್ ತೋರಿಸಿ ಹೋಗುವವರಿಂದ ಅದು ವ್ಯಾಪಾರಿಯನ್ನು ಕಾಪಾಡುತ್ತದೆ, ನಿಜ. ಅದರ ಜೊತೆಗೆ ವಹಿವಾಟಿಗೆ ಕೇಳಲಾಗದ ಶುಲ್ಕವನ್ನು ಪೆಟ್ಟಿಗೆಯ ಮಾಸಿಕ ಬಾಡಿಗೆಯಾಗಿ ಪಡೆಯುವ ದಾರಿಯೂ ಅದೇ. ದಿನನಿತ್ಯದ ಜಮೆಯನ್ನು ಆಧಾರವಾಗಿಟ್ಟುಕೊಂಡು ವ್ಯಾಪಾರಿಗಳಿಗೆ ಒದಗಿಸುವ ಸಾಲ, ಮೊಬೈಲ್ ರೀಚಾರ್ಜ್ ಮೇಲಿನ ಪ್ಲಾಟ್‌ಫಾರ್ಮ್ ಶುಲ್ಕ, ಪರದೆಯ ತುಂಬ ವಿಮೆ ಮತ್ತು ಚಿನ್ನದ ಜಾಹೀರಾತು ಎಲ್ಲವೂ ಅದೇ ಬೇರಿನಿಂದ ಚಿಗುರಿದವು.

ಸರ್ಕಾರ ಈ ಕೊರತೆಯನ್ನು ಪ್ರೋತ್ಸಾಹಧನದಿಂದ ತುಂಬಲು ಯತ್ನಿಸುತ್ತದೆ. 2024-25ನೇ ಸಾಲಿಗೆ ಸುಮಾರು ₹1,500 ಕೋಟಿಯ ಯೋಜನೆ ಇತ್ತು. ಸಣ್ಣ ವ್ಯಾಪಾರಿಗಳಿಗೆ ಬರುವ ₹2,000ದವರೆಗಿನ ಪಾವತಿಗೆ ಶೇ 0.15ರ ಲೆಕ್ಕದಲ್ಲಿ ಅದನ್ನು ಹಂಚಬೇಕಿತ್ತು. ಪ್ರತಿ ವರ್ಷ ಬಜೆಟ್ಟಿನ ದಾರಿ ಕಾಯಬೇಕಾದ ಹಣವನ್ನು ನಂಬಿ ಬ್ಯಾಂಕುಗಳು ತಮ್ಮ ಸರ್ವರುಗಳಿಗೆ ಬಂಡವಾಳ ಹೂಡುತ್ತವೆ ಎಂದು ನಿರೀಕ್ಷಿಸುವುದು ಕಷ್ಟ. 2025ರ ಮಾರ್ಚ್ ಕೊನೆಯಲ್ಲಿ ಮತ್ತು ಏಪ್ರಿಲ್‌ನಲ್ಲಿ ಯುಪಿಐ ಪದೇ ಪದೇ ಕುಸಿಯಿತು. ಏಪ್ರಿಲ್ 12ರ ಕುಸಿತಕ್ಕೆ, ವಹಿವಾಟಿನ ಸ್ಥಿತಿ ಕೇಳುವ ಕೋರಿಕೆಗಳು ಪ್ರವಾಹದಂತೆ ಬಂದದ್ದೇ ಕಾರಣವೆಂದು ಎನ್‌ಪಿಸಿಐ ಗುರುತಿಸಿತು. ಆಗಸ್ಟ್ 1ರಿಂದ ಒಂದು ಆ್ಯಪ್‌ನಲ್ಲಿ ದಿನಕ್ಕೆ 50 ಸಲ ಮಾತ್ರ ಬ್ಯಾಲೆನ್ಸ್ ನೋಡಬಹುದು ಎಂಬ ಮಿತಿ ಬಂತು, ಆಟೊಪೇ ಕಡಿತಗಳು ದಟ್ಟಣೆಯ ಹೊತ್ತಿನಿಂದ ಆಚೆಗೆ ಸರಿದವು. ಹಣ ಬಂತೋ ಇಲ್ಲವೋ ಎಂದು ಗಳಿಗೆಗೊಮ್ಮೆ ನೋಡಿಕೊಳ್ಳುವ ಸಣ್ಣ ವ್ಯಾಪಾರಿಗೆ ಈ ಮಿತಿ ಏನೆಂದು ಅರ್ಥವಾಗುವುದು ಆ್ಯಪ್ ನಿರಾಕರಿಸಿದಾಗಲೇ.

ಒಂದೇ ಆ್ಯಪ್ ಶೇ 30ಕ್ಕಿಂತ ಹೆಚ್ಚು ವಹಿವಾಟನ್ನು ಹಿಡಿದಿಟ್ಟುಕೊಳ್ಳಬಾರದು ಎಂಬ ನಿಯಮವನ್ನು ಎನ್‌ಪಿಸಿಐ 2020ರ ನವೆಂಬರ್‌ನಲ್ಲಿಯೇ ಘೋಷಿಸಿತ್ತು. ಹಳೆಯ ಕಂಪನಿಗಳಿಗೆ ಕೊಟ್ಟ ಗಡುವು 2022ರ ಕೊನೆಯಿಂದ 2024ರ ಕೊನೆಗೆ, ಅಲ್ಲಿಂದ 2026ರ ಡಿಸೆಂಬರ್ 31ಕ್ಕೆ ಜಾರುತ್ತ ಬಂದಿದೆ. ಫೋನ್‌ಪೇ ಮತ್ತು ಗೂಗಲ್ ಪೇ ಎರಡೇ ಸೇರಿ ಐದರಲ್ಲಿ ನಾಲ್ಕು ಪಾಲಿನಷ್ಟು ವಹಿವಾಟನ್ನು ನಡೆಸುತ್ತಿರುವಾಗ, ಜನರು ಇಷ್ಟಪಟ್ಟು ಬಳಸುವ ಆ್ಯಪ್‌ನಿಂದ ಅವರನ್ನು ಹೊರಗೆ ಕಳುಹಿಸುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಶುಲ್ಕವೇ ಇಲ್ಲದ ವ್ಯಾಪಾರಕ್ಕೆ ಹೊಸ ಸ್ಪರ್ಧಿಗಳು ಏಕೆ ಬರಬೇಕು ಎಂಬ ಇನ್ನೊಂದು ಪ್ರಶ್ನೆಯೂ ಅದರ ಹಿಂದೆಯೇ ಇದೆ. ಇಲ್ಲಿ ಒಂದು ನೀತಿ ಇನ್ನೊಂದರ ಕಾಲಿಗೆ ತೊಡರಿಕೊಂಡಿದೆ.

ನೀತಿಗಳ ಈ ತೊಡಕು ಕರ್ನಾಟಕದ ಬೀದಿಗಳಲ್ಲಿ ಕಣ್ಣಿಗೆ ಕಂಡದ್ದು 2025ರ ಜುಲೈನಲ್ಲಿ. ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆ ಪಾವತಿ ಕಂಪನಿಗಳಿಂದ ಪಡೆದ ಹಲವು ವರ್ಷಗಳ ಯುಪಿಐ ಮಾಹಿತಿಯನ್ನು ಆಧರಿಸಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ನೀಡಿತು. ಸರಕು ಮಾರುವವರಿಗೆ ವರ್ಷಕ್ಕೆ ₹40 ಲಕ್ಷ, ಸೇವೆ ಒದಗಿಸುವವರಿಗೆ ₹20 ಲಕ್ಷ ಮೀರಿದರೆ ನೋಂದಣಿ ಕಡ್ಡಾಯ ಎಂಬ ಕಾನೂನು ಮೊದಲೇ ಇತ್ತು; ಅದನ್ನು ಜಾರಿ ಮಾಡುವುದು ಇಲಾಖೆಯ ಕರ್ತವ್ಯವೇ. ಆದರೆ ಖಾತೆಗೆ ಬಂದ ಹಣದ ಮೊತ್ತವನ್ನು ನೋಡಿ ಅದರಲ್ಲಿ ವ್ಯಾಪಾರದ್ದೆಷ್ಟು, ನೆಂಟರು ಕಳಿಸಿದ್ದೆಷ್ಟು, ತೆರಿಗೆಯೇ ಇಲ್ಲದ ಹಾಲು ತರಕಾರಿಯದೆಷ್ಟು ಎಂದು ಹೇಳಲಾಗದು. ಬೆಂಗಳೂರಿನ ಬೇಕರಿ, ಟೀ ಅಂಗಡಿ, ಕಾಂಡಿಮೆಂಟ್ಸ್‌ಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಕೈಬರಹದ ಚೀಟಿಗಳು ಅಂಟಿಕೊಂಡವು, ಕೆಲವರು ಕ್ಯುಆರ್ ಕೋಡನ್ನೇ ಕಿತ್ತುಹಾಕಿದರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿ ಪ್ರತಿನಿಧಿಗಳೊಂದಿಗೆ ಸಭೆ ನಡೆಸಿ ಹಳೆಯ ಬಾಕಿಯನ್ನು ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಲೇಬೇಕು ಎಂದ ಮೇಲೆ ಬಿಸಿ ಇಳಿಯಿತು. ನನಗೆ ಇದರಲ್ಲಿ ಕಾಣುವ ದೋಷ ಇಷ್ಟು: ಕ್ಯುಆರ್ ಕೋಡ್ ಅಂಟಿಸಲು ಮನೆಬಾಗಿಲಿಗೆ ಬಂದವರು ಯಾರೂ, ಇದರಲ್ಲಿ ದಾಖಲಾಗುವ ಲೆಕ್ಕವನ್ನು ಯಾರು ಯಾರು ನೋಡಬಹುದು, ಅದರಿಂದ ಯಾವ ಬಾಧ್ಯತೆ ಹುಟ್ಟಬಹುದು ಎಂದು ವ್ಯಾಪಾರಿಗೆ ಅವರ ಭಾಷೆಯಲ್ಲಿ ಹೇಳಲಿಲ್ಲ. ಹೇಳಬೇಕೆಂದು ಯಾವ ನಿಯಮವೂ ಅವರನ್ನು ಒತ್ತಾಯಿಸಿರಲಿಲ್ಲ.

ನಷ್ಟದ ಹೊಣೆಯ ಪ್ರಶ್ನೆ ಇದಕ್ಕಿಂತ ಗಂಭೀರವಾದದ್ದು. ಯುಪಿಐನಲ್ಲಿ ‘ಕಲೆಕ್ಟ್’ ಎಂಬ ಸೌಲಭ್ಯವಿತ್ತು: ಹಣ ಬೇಕಾದವರು ಕೋರಿಕೆ ಕಳಿಸುತ್ತಾರೆ, ಕೊಡುವವರು ಪಿನ್ ಒತ್ತಿ ಒಪ್ಪುತ್ತಾರೆ. ಹಳೆಯ ಸೋಫಾ ಮಾರಲು ಜಾಲತಾಣದಲ್ಲಿ ಜಾಹೀರಾತು ಹಾಕಿದವರಿಗೆ ಒಂದು ಕರೆ ಬರುತ್ತದೆ. ಬೆಲೆ ಚೌಕಾಸಿ ಇಲ್ಲ, ಒಪ್ಪಿಗೆ. ‘ಹಣ ಕಳಿಸಿದ್ದೇನೆ, ಪಿನ್ ಹಾಕಿದರೆ ನಿಮ್ಮ ಖಾತೆಗೆ ಬರುತ್ತದೆ’ ಎನ್ನುತ್ತಾನೆ ಆ ಕಡೆಯವನು. ಪರದೆಯಲ್ಲಿ ಹೆಸರೂ ಮೊತ್ತವೂ ಕಾಣುತ್ತಿವೆ, ಆದರೆ ಇದು ಬರುವ ಹಣವೋ ಹೋಗುವ ಹಣವೋ ಎಂಬುದನ್ನು ಗುರುತಿಸಲು ಅವಸರದಲ್ಲಿ ಓದಬೇಕಾದದ್ದು ಇಂಗ್ಲಿಷಿನ ಒಂದೆರಡು ಸಣ್ಣ ಪದ. ಪಿನ್ ಒತ್ತಿದರೆ ಹಣ ಹೋಯಿತು. ವರ್ಷಗಟ್ಟಲೆ ಹೀಗೆ ಜನ ಮೋಸ ಹೋದರು. ಅಷ್ಟೂ ಕಾಲ ಪರಿಹಾರವಾಗಿ ಸಿಕ್ಕಿದ್ದು ಜಾಗೃತಿ ಸಂದೇಶ. ಕೊನೆಗೆ 2025ರ ಅಕ್ಟೋಬರ್ 1ರಿಂದ ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸುವ ಕಲೆಕ್ಟ್ ಕೋರಿಕೆಯನ್ನೇ ಎನ್‌ಪಿಸಿಐ ತೆಗೆದುಹಾಕಿತು. ಒಂದು ಗುಂಡಿಯನ್ನು ಅಳಿಸಿದ್ದರಿಂದ ಆ ಬಗೆಯ ವಂಚನೆಯ ದಾರಿಯೇ ಮುಚ್ಚಿತು. ಇದು ಇಷ್ಟು ತಡವಾದದ್ದೇಕೆ?

ನನ್ನ ಉತ್ತರ: ಆ ಗುಂಡಿಯಿಂದ ಆದ ನಷ್ಟ, ಅದನ್ನು ಅಳಿಸಬಲ್ಲವರ ಜೇಬಿಗೆ ತಟ್ಟುತ್ತಿರಲಿಲ್ಲ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಈ ವಿಷಯದಲ್ಲಿ ಗ್ರಾಹಕರ ಪರವಾದ ಮಹತ್ವದ ಹೆಜ್ಜೆಯಾಗಿತ್ತು. ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದೆ ಬೇರೆಲ್ಲೋ ಆದ ಲೋಪದಿಂದ ಹಣ ಹೋಗಿದ್ದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ಹೊಣೆ ಸೊನ್ನೆ ಎಂದು ಅದು ಹೇಳಿತು. ಆದರೆ ಗ್ರಾಹಕರು ತಾವೇ ಪಿನ್ ಅಥವಾ ಒಟಿಪಿ ಹಂಚಿಕೊಂಡಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವರದೇ. ಇಂದಿನ ವಂಚನೆಗಳಲ್ಲಿ ಬೀಗ ಒಡೆಯುವವರು ಕಡಿಮೆ, ಮನೆಯವರ ಕೈಯಿಂದಲೇ ಬೀಗ ತೆಗೆಸುವವರು ಹೆಚ್ಚು. ಹೀಗಾಗಿ ಒಟಿಪಿ ಎಂಬ ರಕ್ಷಣೆ ಕಾಲಕ್ರಮೇಣ ಬ್ಯಾಂಕಿನ ಪಾಲಿಗೆ, ಗ್ರಾಹಕರೇ ಒಪ್ಪಿ ಕೊಟ್ಟ ಹಣ ಇದು ಎಂಬುದಕ್ಕೆ ಸಾಕ್ಷಿಯಾಗಿಬಿಟ್ಟಿತು.

ಬ್ರಿಟನ್ ಬೇರೆ ದಾರಿ ಹಿಡಿದಿದೆ. 2024ರ ಅಕ್ಟೋಬರ್ 7ರಿಂದ ಅಲ್ಲಿ, ಮೋಸಕ್ಕೊಳಗಾಗಿ ಗ್ರಾಹಕರು ತಾವೇ ವರ್ಗಾಯಿಸಿದ ಹಣವನ್ನೂ 85,000 ಪೌಂಡ್‌ವರೆಗೆ ಬ್ಯಾಂಕುಗಳು ಮರಳಿಸಬೇಕು. ತೀರಾ ಘೋರವಾದ ನಿರ್ಲಕ್ಷ್ಯ ತೋರಿದಂಥ ಪ್ರಕರಣಗಳಿಗೆ ಮಾತ್ರ ವಿನಾಯಿತಿ. ಈ ಭಾರವನ್ನು ಹಣ ಕಳಿಸಿದ ಬ್ಯಾಂಕ್ ಮತ್ತು ವಂಚಕರ ಖಾತೆ ಇರುವ ಬ್ಯಾಂಕ್ ಅರ್ಧರ್ಧ ಹೊರಬೇಕು. ಈ ಎರಡನೆಯ ಅಂಶವೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ಕದ್ದ ಹಣವನ್ನು ದಾಟಿಸಲು ಬಾಡಿಗೆಗೆ ಪಡೆದ ಖಾತೆಗಳನ್ನು ತೆರೆಯಲು ಬಿಟ್ಟವರಿಗೂ ಅಲ್ಲಿ ಬಿಲ್ಲು ಹೋಗುತ್ತದೆ. ಭಾರತದ ಪ್ರಮಾಣಕ್ಕೆ ಇದನ್ನು ಯಥಾವತ್ತಾಗಿ ತರಲಾಗದಿರಬಹುದು. ಸುಳ್ಳು ದೂರುಗಳ ಭಯ ನ್ಯಾಯವಾದದ್ದು, ಸಣ್ಣ ಸಹಕಾರಿ ಬ್ಯಾಂಕುಗಳ ಶಕ್ತಿಯೂ ಸೀಮಿತ. ಹಾಗೆಂದು ಹೊಣೆಯನ್ನೆಲ್ಲ ಸೋಫಾ ಮಾರಲು ಹೊರಟವರ ಮೇಲೆ ಬಿಡುವುದು ನ್ಯಾಯವಾಗುವುದಿಲ್ಲ.

ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ದೃಢೀಕರಣ ನಿರ್ದೇಶನಗಳು ಈ ದಿಕ್ಕಿನಲ್ಲಿ ಸ್ವಲ್ಪ ಹೊರಳಿವೆ. ದೇಶದೊಳಗಿನ ಪಾವತಿಗಳಿಗೆ 2026ರ ಏಪ್ರಿಲ್ 1 ಅವುಗಳ ಗಡುವು. ಎರಡು ಹಂತದ ದೃಢೀಕರಣ ಉಳಿಯುತ್ತದೆ, ಆದರೆ ಎಸ್‌ಎಂಎಸ್ ಒಟಿಪಿಯೇ ಆಗಬೇಕೆಂದಿಲ್ಲ. ಬೆರಳಚ್ಚು, ಫೋನಿನೊಳಗಿನ ಟೋಕನ್ ಮುಂತಾದ ದಾರಿಗಳಿಗೆ ಅವಕಾಶವಿದೆ. ವ್ಯವಹಾರದ ಸ್ಥಳ, ಉಪಕರಣ, ಗ್ರಾಹಕರ ರೂಢಿಯ ನಡವಳಿಕೆ ಇವನ್ನೆಲ್ಲ ತೂಗಿ ಅನುಮಾನ ಬಂದಲ್ಲಿ ಬ್ಯಾಂಕ್ ಹೆಚ್ಚಿನ ತಪಾಸಣೆ ಮಾಡಬಹುದು. ಈ ನಿರ್ದೇಶನಗಳನ್ನು ಪಾಲಿಸದೆ ನಡೆದ ವಹಿವಾಟಿನಿಂದ ನಷ್ಟವಾದರೆ ಬ್ಯಾಂಕ್ ತಕರಾರಿಲ್ಲದೆ ಪೂರ್ತಿ ಪರಿಹಾರ ಕೊಡಬೇಕು. ನಿಯಮವನ್ನು ಅಕ್ಷರಶಃ ಪಾಲಿಸಿಯೂ ಗ್ರಾಹಕರು ಮೋಸ ಹೋದ ಸಂದರ್ಭ ಮಾತ್ರ ಈ ವಾಕ್ಯದ ಹೊರಗೇ ಉಳಿದಿದೆ, ಮತ್ತು ಹಣ ಕಳೆದುಕೊಂಡು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವವರಲ್ಲಿ ಬಹುತೇಕರ ಸಂದರ್ಭ ಅದೇ.

ಬಾಡಿಗೆ ಖಾತೆಗಳನ್ನು ಗುರುತಿಸುವ ಉಪಕರಣವೇನೂ ಇಲ್ಲವೆಂದಲ್ಲ. ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕ್ ಇನ್ನೋವೇಷನ್ ಹಬ್ ಅದಕ್ಕಾಗಿಯೇ ಮ್ಯೂಲ್‌ಹಂಟರ್ ಎಂಬ ಕೃತಕ ಬುದ್ಧಿಮತ್ತೆಯ ಸಾಫ್ಟ್‌ವೇರನ್ನು ರೂಪಿಸಿದ್ದು, ಬ್ಯಾಂಕುಗಳು ಅದನ್ನು ಬಳಸಬೇಕೆಂದು 2024ರ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಉತ್ತೇಜಿಸಿತು. ವಂಚಕರ ಖಾತೆ ತನ್ನಲ್ಲಿತ್ತೆಂಬ ಕಾರಣಕ್ಕೆ ನಷ್ಟದ ಒಂದು ಪಾಲನ್ನಾದರೂ ಬ್ಯಾಂಕ್ ಕಟ್ಟಬೇಕೆಂಬ ನಿಯಮ ಬರುವ ತನಕ, ಆ ಸಾಫ್ಟ್‌ವೇರನ್ನು ಅಳವಡಿಸಿ ಅದು ಎತ್ತಿ ತೋರಿಸಿದ ಖಾತೆಗಳನ್ನು ಅದೇ ಗಂಟೆಯಲ್ಲಿ ತಡೆಹಿಡಿಯುವ ಖರ್ಚಿನ ಕೆಲಸ ಪ್ರತಿ ಬ್ಯಾಂಕಿನ ಕಾರ್ಯಸೂಚಿಯಲ್ಲಿ ಎಷ್ಟನೇ ಸಾಲಿನಲ್ಲಿ ಬರಬೇಕೆಂಬುದನ್ನು ಆಯಾ ಬ್ಯಾಂಕೇ ತೀರ್ಮಾನಿಸುತ್ತದೆ.